ಹ್ಯಾಲೊಜೆನ್ ಅಂದ್ರೆ ಬಲ್ಬ್ ಅಲ್ವಾ?

ಪ್ರಶ್ನೆ: ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತಾರೆ. ಮಗಳ ಪುಸ್ತಕದಲ್ಲಿ ಫ್ಲೋರಿನ್ ಒಂದು ಹ್ಯಾಲೊಜೆನ್ ಅಂತಿದೆ. ಹ್ಯಾಲೊಜೆನ್ ಅಂದ್ರೆ ಬಲ್ಬ್ ಅಲ್ವಾ?
– ಓದುಗರು, ಲಿಂಗಸುಗೂರು, ರಾಯಚೂರು ಜಿಲ್ಲೆ

ಉತ್ತರ: ಹ್ಯಾಲೊಜೆನ್ ಅಂದರೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್‌ನಂಥ ಮೂಲವಸ್ತುಗಳ ಗುಂಪು. ಬಲ್ಬಿಗೆ ಆ ಹೆಸರು ಆಮೇಲೆ ಬಂದದ್ದು, ಒಳಗೆ ಚೂರು ಅಯೋಡಿನ್ ಅಥವಾ ಬ್ರೋಮಿನ್ ಇರುತ್ತದೆ, ಅದಕ್ಕೆ. ಗ್ರೀಕಿನಲ್ಲಿ ‘ಹಾಲ್ಸ್’ ಅಂದರೆ ಉಪ್ಪು, ‘ಜೆನ್’ ಅಂದರೆ ಹುಟ್ಟಿಸುವುದು. 1811ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಶ್ವೈಗರ್ ಈ ಹೆಸರನ್ನು ಕ್ಲೋರಿನ್ ಒಂದಕ್ಕೇ ಇಡೋಣ ಅಂದರು, ಆದರೆ ಇಂಗ್ಲೆಂಡಿನ ವಿಜ್ಞಾನಿ ಡೇವಿ ಕೊಟ್ಟಿದ್ದ ಕ್ಲೋರಿನ್ ಎಂಬ ಹೆಸರೇ ಉಳಿಯಿತು, ಮುಂದೆ ಸ್ವೀಡನ್ನಿನ ವಿಜ್ಞಾನಿ ಬರ್ಜೇಲಿಯಸ್ ಹ್ಯಾಲೊಜೆನ್ ಪದವನ್ನು ಇಡೀ ಗುಂಪಿಗೆ ಬಳಸಿದರು. ಒಳ್ಳೆಯದೇ ಆಯಿತು ಬಿಡಿ.

ಇವುಗಳ ಪರಮಾಣುವಿನ ಹೊರ ಕವಚದಲ್ಲಿ 7 ಎಲೆಕ್ಟ್ರಾನ್, ಕವಚ ತುಂಬಲು ಒಂದು ಕಡಿಮೆ. ಸೋಡಿಯಂನಂಥ ಲೋಹ ಸಿಕ್ಕರೆ ಅದರಿಂದ ಒಂದನ್ನು ಕಿತ್ತುಕೊಳ್ಳುತ್ತವೆ, ಉಪ್ಪು ತಯಾರು. ನಮ್ಮ ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್.

ನಿಮ್ಮ ನೀರಿನಲ್ಲಿರುವುದು ಫ್ಲೋರಿನ್ ಅನಿಲ ಅಲ್ಲ, ನೆಲದಡಿಯ ಕಲ್ಲಿನ ಖನಿಜಗಳಿಂದ ಕರಗಿ ಬಂದ ಫ್ಲೋರೈಡ್, ಅಂದರೆ ಹೀಗೆ ಒಂದು ಎಲೆಕ್ಟ್ರಾನ್ ಪಡೆದುಕೊಂಡ ಫ್ಲೋರಿನ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ತೊಂದರೆ. ಸುಮ್ನೆ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಆರ್‌ಒ ಫಿಲ್ಟರ್ ಆದರೆ ತಗ್ಗಿಸುತ್ತದೆ.