ಅಂಡಾಶಯವನ್ನೇ ತೆಗೆಸಿದ್ದೆ, ಮತ್ತೆ ಗೆಡ್ಡೆ ಎಲ್ಲಿಂದ ಬಂತು?

ಪ್ರಶ್ನೆ: 18 ವರ್ಷದ ಹಿಂದೆ ಎಡ ಅಂಡಾಶಯವನ್ನು ಗೆಡ್ಡೆ ಸಮೇತ ತೆಗೆದಿದ್ದರು. ಈಗ ನನಗೆ 58. ಕಿಬ್ಬೊಟ್ಟೆಯಲ್ಲಿ 6 ಸೆಂ.ಮೀ. ಗೆಡ್ಡೆ ಇದೆಯಂತೆ. ಅಂಡಾಶಯದ ಕ್ಯಾನ್ಸರ್‌ಗೆಂದು ನೋಡುವ ರಕ್ತಪರೀಕ್ಷೆ ಸಿಎ-125 ನಾರ್ಮಲ್ ಬಂದಿದೆ. ತೆಗೆದದ್ದು ಮತ್ತೆ ಹೇಗೆ ಬರುತ್ತದೆ?

ಉತ್ತರ: ಇದನ್ನು ಕೇಳುವವರು ಎಲ್ಲವನ್ನೂ ಬರೆಯುತ್ತಾರೆ, ಹಳೆಯ ಬಯಾಪ್ಸಿ ರಿಪೋರ್ಟಿನಲ್ಲಿ ಏನಿತ್ತು ಅನ್ನುವುದೊಂದನ್ನು ಬಿಟ್ಟು. ‘ಗೆಡ್ಡೆ ತೆಗೆದರು’ ಅನ್ನುವುದು ಕಾಯಿಲೆಯ ಹೆಸರಲ್ಲ. ರಿಪೋರ್ಟಿನಲ್ಲಿ ‘ಗ್ರಾನುಲೋಸಾ ಸೆಲ್ ಟ್ಯೂಮರ್’ ಅಂತಿದ್ದರೆ 18 ವರ್ಷ ಆಶ್ಚರ್ಯವೇನಲ್ಲ. ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 2ರಿಂದ 5ರಷ್ಟಿರುವ ಈ ಜಾತಿ 20, 30 ವರ್ಷ ಬಿಟ್ಟು ಮರುಕಳಿಸಿದ್ದೂ ಇದೆ. ಅಂದು ಗೆಡ್ಡೆ ಒಡೆದು ಹೊಟ್ಟೆಯ ಒಳಪೊರೆಗೆ ಅಂಟಿದ ಕಣಗಳು ಬಲು ನಿಧಾನವಾಗಿ ಬೆಳೆಯುತ್ತವೆ. ಅದಕ್ಕೆ ಅಂಡಾಶಯ ಇರಲೇಬೇಕೆಂದಿಲ್ಲ. ರಿಪೋರ್ಟಿನಲ್ಲಿ ಬೇರೆ ಹೆಸರಿದ್ದರೆ, ಉಳಿದ ಬಲ ಅಂಡಾಶಯದಲ್ಲೇ ಹೊಸ ಗೆಡ್ಡೆ ಎದ್ದಿರಬಹುದು.

ಮೊದಲು ಹಳೆಯ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್ ತೆಗೆಸಿ. ಎಸೆದಿರದಿದ್ದರೆ ಆ ಗೆಡ್ಡೆಯ ಸ್ಲೈಡ್, ತುಣುಕನ್ನು ಕಾಪಿಟ್ಟ ಮೇಣದ ಬ್ಲಾಕ್ ಕೂಡ ಕೇಳಿ ಪಡೆದು, ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮತ್ತೆ ಓದಿಸಿ. ಗ್ರಾನುಲೋಸಾ ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ ಅದೇ ಬ್ಲಾಕಿನಲ್ಲಿ ಫಾಕ್ಸ್‌ಎಲ್2 ಜೀನ್ ಪರೀಕ್ಷೆ ಮಾಡಬಹುದು.

ಸಿಎ-125 ನೋಡಿ ಸಮಾಧಾನಪಡಬೇಡಿ, ಗ್ರಾನುಲೋಸಾ ಜಾತಿಗೆ ಅದು ನಂಬಿಕೆಯ ಅಳತೆಯಲ್ಲ. ಈ ಗೆಡ್ಡೆ ರಕ್ತಕ್ಕೆ ಬಿಡುವ ಹಾರ್ಮೋನು ಇನ್‌ಹಿಬಿನ್-ಬಿಯ ಪರೀಕ್ಷೆ ಮಾಡಿಸಿ. ಮುಟ್ಟು ನಿಂತವರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ ಇರಬೇಕು, ಏರಿದ್ದರೆ ಅರ್ಥವಿದೆ. ಆಪರೇಷನ್ನಿಗೆ ಮೊದಲೇ ರಕ್ತ ಕೊಡಿ, ಆಮೇಲೂ ಅದೇ ಲ್ಯಾಬಿನಲ್ಲಿ; ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಗರ್ಭಕೋಶ ಉಳಿದಿದೆಯೇ? ಗ್ರಾನುಲೋಸಾ ಗೆಡ್ಡೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಸುರಿಸಿ ಗರ್ಭಕೋಶದ ಒಳಪದರವನ್ನು ದಪ್ಪ ಮಾಡಬಹುದು, ಕೆಲವರಲ್ಲಿ ಅಲ್ಲೂ ಕ್ಯಾನ್ಸರ್ ಆಗುತ್ತದೆ. ಒಳಪದರದ ಬಯಾಪ್ಸಿ ಆಪರೇಷನ್ನಿಗೆ ಮುಂಚೆಯೇ ಆಗಲಿ. ಸಿಟಿ ಸ್ಕ್ಯಾನ್ ಬರೀ ಕಿಬ್ಬೊಟ್ಟೆಗಲ್ಲ, ಲಿವರ್ ಸುತ್ತಮುತ್ತಲೂ ನೋಡಬೇಕು. ‘ಸೂಜಿ ಹಾಕಿ ನೀರು ತೆಗೆದುಬಿಡೋಣ’ ಅಂದವರಿಗೆ ಒಪ್ಪಬೇಡಿ. ಮುಖ್ಯ ಚಿಕಿತ್ಸೆ ಕಾಣುವುದನ್ನೆಲ್ಲ ಪೂರ್ತಿ ತೆಗೆಯುವ ಆಪರೇಷನ್, ಅದೂ ಸ್ತ್ರೀರೋಗ ಕ್ಯಾನ್ಸರ್ ಸರ್ಜನ್ ಕೈಯಲ್ಲಿ.

ಪ್ರಶ್ನೆ: ಕಷಾಯದಿಂದ ಕರಗುತ್ತದೆಯೇ?

ಉತ್ತರ: ಇಲ್ಲ. ‘ಕರಗಿಸಿದೆವು’ ಎಂದು ಕಷಾಯ ಕೊಡುವವರು ತೋರಿಸುವ ಸ್ಕ್ಯಾನ್‌ಗಳಲ್ಲಿರುವುದು ಹೆಚ್ಚಾಗಿ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಹೋಗುವ ನೀರುಗುಳ್ಳೆ.

ಪ್ರಶ್ನೆ: ಗ್ರಾನುಲೋಸಾ ಆಪರೇಷನ್ ಆಗಿ ಐದು ವರ್ಷವಾಯಿತು. ಚೆಕಪ್ ನಿಲ್ಲಿಸಬಹುದೇ?

ಉತ್ತರ: ಬೇಡ. ಜೀವನಪೂರ್ತಿ.

ಪ್ರಶ್ನೆ: ಬಿಸಿನೀರಿನ ಚೀಲ ಇಟ್ಟರೆ ಗೆಡ್ಡೆ ಬೆಳೆಯುತ್ತದೆಯೇ?

ಉತ್ತರ: ಬೆಳೆಯುವುದಿಲ್ಲ. ಆದರೆ ಇದ್ದಕ್ಕಿದ್ದಂತೆ ಹೊಟ್ಟೆ ಹಿಂಡಿ, ಬೆವತು, ತಲೆ ಸುತ್ತಿದರೆ ಗೆಡ್ಡೆ ಒಡೆದು ಒಳಗೆ ರಕ್ತ ಹೋಗುತ್ತಿರಬಹುದು. ಆಗ ಚೀಲ ಹುಡುಕುತ್ತಾ ಕೂರಬೇಡಿ, ಸೀದಾ ತುರ್ತು ವಿಭಾಗಕ್ಕೆ ಹೋಗಿ.