ಪಿಂಗ್ ಸರಿ ಇದೆ, ಫೈಲ್ ಮಾತ್ರ ತೆವಳುತ್ತದೆ: ಕಾರ್ಡ್ ಕೆಟ್ಟಿರಬಹುದೇ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಕೇಬಲ್ ಮೂಲಕ ರೂಟರ್‌ಗೆ ಸೇರಿದೆ. ಲಿಂಕ್ ಸ್ಪೀಡ್ 1 ಗಿಗಾಬಿಟ್ ಅಂತಲೇ ತೋರಿಸುತ್ತದೆ, ಪಿಂಗ್‌ಗೂ (ಸಂಪರ್ಕ ಇದೆಯೇ ಅಂತ ನೋಡಲು ಕಳಿಸುವ ಸಣ್ಣ ಸಂದೇಶ) ತಕ್ಷಣ ಉತ್ತರ ಬರುತ್ತದೆ. ಬೇರೆ ಕಂಪ್ಯೂಟರ್‌ನಿಂದ ಫೈಲ್ ತರಿಸಿಕೊಂಡರೆ ಬೇಗ ಬರುತ್ತದೆ. ಇಲ್ಲಿಂದ ಕಳಿಸಿದರೆ ಮಾತ್ರ ವಿಪರೀತ ನಿಧಾನ. ಲ್ಯಾಪ್‌ಟಾಪ್‌ನಲ್ಲಿ ಈ ತೊಂದರೆ ಇಲ್ಲ. ವಿಂಡೋಸ್ ಕೂಡ ಹೊಸದಾಗಿ ಹಾಕಿ ನೋಡಿದೆ. ನೆಟ್‌ವರ್ಕ್ ಕಾರ್ಡ್ ಕೆಟ್ಟಿದ್ದರೆ ನೆಟ್ ಪೂರ್ತಿ ಹೋಗಬೇಕಲ್ವಾ?

ಉತ್ತರ: ಪೂರ್ತಿ ಹೋಗಬೇಕು ಅಂತೇನಿಲ್ಲ. ಕಾರ್ಡ್‌ನಲ್ಲಿ ಕಳಿಸುವ ಭಾಗ ಮಾತ್ರ ದುರ್ಬಲವಾಗಿ, ಪಡೆಯುವ ಭಾಗ ಸರಿಯಾಗೇ ಇರಬಹುದು. ನೀವು ಹೇಳುವ ಲಕ್ಷಣ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಒಳಗೆ ಆಗುವುದು ಇಷ್ಟು. ಕೇಬಲ್‌ನಲ್ಲಿ ಡೇಟಾ ಈಥರ್ನೆಟ್ ಫ್ರೇಮ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ. ಪ್ರತಿ ಫ್ರೇಮ್‌ನ ಕೊನೆಯಲ್ಲಿ 4 ಬೈಟ್‌ನ ಒಂದು ತಾಳೆ ಸಂಖ್ಯೆ ಇರುತ್ತದೆ, ಅದೇ ಸಿಆರ್‌ಸಿ. ಅದು ತಾಳೆಯಾಗದಿದ್ದರೆ ಪಡೆದವರು ಆ ಫ್ರೇಮನ್ನು ಸದ್ದಿಲ್ಲದೆ ಎಸೆಯುತ್ತಾರೆ. ಕಳಿಸಿದವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ತಲುಪಿತು ಅನ್ನುವ ಉತ್ತರ ಬಾರದಿದ್ದಾಗ, ಡೇಟಾ ಪೂರ್ತಿ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಎಂಬ ವ್ಯವಸ್ಥೆ ಅದನ್ನು ಮತ್ತೆ ಕಳಿಸುತ್ತದೆ. ಜೊತೆಗೆ, ದಾರಿಯಲ್ಲಿ ದಟ್ಟಣೆ ಇರಬೇಕು ಅಂದುಕೊಂಡು ತನ್ನ ವೇಗವನ್ನೂ ಇಳಿಸುತ್ತದೆ. ಹಾಗಾಗಿ ನೂರರಲ್ಲಿ ಒಂದೆರಡು ಫ್ರೇಮ್ ಹಾಳಾದರೂ ವೇಗ ದೊಡ್ಡದಾಗಿ ಕುಸಿಯುತ್ತದೆ.

ಪಿಂಗ್ ಇದನ್ನು ಯಾಕೆ ಹಿಡಿಯಲಿಲ್ಲ? ವಿಂಡೋಸ್‌ನ ಪಿಂಗ್ ಸುಮ್ನೆ 32 ಬೈಟ್‌ನ 4 ಪ್ಯಾಕೆಟ್ ಕಳಿಸುತ್ತದೆ. ಪ್ಯಾಕೆಟ್ ಚಿಕ್ಕದಾದಷ್ಟೂ ಹಾಳಾಗದೆ ದಾಟುವ ಸಾಧ್ಯತೆ ಜಾಸ್ತಿ. ಗಾತ್ರವನ್ನು 1400 ಬೈಟ್‌ಗೆ, ಸಂಖ್ಯೆಯನ್ನು 500ಕ್ಕೆ ಏರಿಸಿ ರೂಟರ್‌ಗೆ ಪಿಂಗ್ ಮಾಡಿ. ಕೇಬಲ್ ಸಂಪರ್ಕದಲ್ಲಿ ಒಂದೂ ಕಳೆಯಬಾರದು.

ಕಾರ್ಡ್ ಬದಲಿಸುವ ಮೊದಲು ಒಂದು ಕೆಲಸ ಮಾಡಲೇಬೇಕು. ಡೆಸ್ಕ್‌ಟಾಪ್‌ನಿಂದ ಕೇಬಲ್ ಕಿತ್ತು, ಅದೇ ಕೇಬಲನ್ನು ಲ್ಯಾಪ್‌ಟಾಪ್‌ಗೆ ಹಾಕಿ. ರೂಟರ್ ಕಡೆ ಪೋರ್ಟ್ ಬದಲಾಯಿಸಬೇಡಿ. ಲ್ಯಾಪ್‌ಟಾಪ್ ಆಗಲೂ ಚೆನ್ನಾಗಿ ಓಡಿದರೆ ಕೇಬಲ್, ಪೋರ್ಟ್ ಎರಡೂ ನಿರಪರಾಧಿಗಳು. ಗಿಗಾಬಿಟ್‌ನಲ್ಲಿ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಎರಡೂ ದಿಕ್ಕಿಗೆ ಒಟ್ಟಿಗೇ ಕೆಲಸ ಮಾಡುತ್ತವೆ. ಕೇಬಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಏಟು ಬೀಳುತ್ತದೆ, ಇಲ್ಲವೇ ಲಿಂಕ್ 100 ಮೆಗಾಬಿಟ್‌ಗೆ ಇಳಿಯುತ್ತದೆ. ಒಂದೇ ದಿಕ್ಕು ನಿಧಾನ ಅನ್ನುವುದರಿಂದಲೇ ನನಗೆ ಕಾರ್ಡ್ ಮೇಲೆ ಅನುಮಾನ.

ಮುಂದೆ ಐಪರ್ಫ್ ಎಂಬ ಪ್ರೋಗ್ರಾಂ ಬಳಸಿ ಎರಡೂ ದಿಕ್ಕಿನ ವೇಗ ಅಳೆಯಿರಿ. ಆರೋಗ್ಯವಾಗಿರುವ ಗಿಗಾಬಿಟ್ ಸಂಪರ್ಕ ಸುಮಾರು 940 ಮೆಗಾಬಿಟ್ ಕೊಡುತ್ತದೆ. ಆಮೇಲೆ ಕಾರ್ಡ್ ಇಟ್ಟುಕೊಳ್ಳುವ ದೋಷಗಳ ಲೆಕ್ಕ ನೋಡಿ. ಬಹಳ ಜನ ಎಡವುವುದು ಇಲ್ಲೇ. ನಿಮ್ಮ ಕಾರ್ಡ್ ಕೆಟ್ಟ ಫ್ರೇಮ್ ಕಳಿಸಿದರೆ ಅದರ ಸ್ವಂತ ಲೆಕ್ಕದಲ್ಲಿ ಸೊನ್ನೆಯೇ ಇರುತ್ತದೆ. ತಪ್ಪು ಕಾಣುವುದು ಪಡೆಯುವ ಕಡೆ. ಆದ್ದರಿಂದ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪನ್ನು ನೇರವಾಗಿ ಒಂದು ಕೇಬಲ್‌ನಿಂದ ಜೋಡಿಸಿ, ದೊಡ್ಡ ಫೈಲ್ ಕಳಿಸಿ, ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ನೋಡಿ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಎಂಬ ಕಮಾಂಡ್ ಇದನ್ನು ವಿವರವಾಗಿ ತೋರಿಸುತ್ತದೆ. ಸಿಆರ್‌ಸಿ ದೋಷ ಏರುತ್ತಾ ಹೋದರೆ ಕಾರ್ಡ್ ಸಿಕ್ಕಿಬಿದ್ದಂತೆಯೇ.

ಒಂದು ಪರ್ಯಾಯ ಕಾರಣವನ್ನೂ ತಳ್ಳಿಹಾಕಿ. ಡ್ರೈವರ್ ಸೆಟ್ಟಿಂಗ್‌ನಲ್ಲಿ ಲಾರ್ಜ್ ಸೆಂಡ್ ಆಫ್‌ಲೋಡ್ ಅನ್ನು ಆಫ್ ಮಾಡಿ ನೋಡಿ. ದೊಡ್ಡ ಡೇಟಾವನ್ನು ತುಂಡು ಮಾಡುವ ಕೆಲಸವನ್ನು ಕಾರ್ಡ್‌ಗೇ ಬಿಡುವ ಸೌಲಭ್ಯ ಅದು, ಕಳಿಸುವುದಕ್ಕೆ ಮಾತ್ರ ಸಂಬಂಧಪಟ್ಟದ್ದು. ವಿಂಡೋಸ್ ಮತ್ತೆ ಹಾಕುವುದರಿಂದ ಅದೇ ಡ್ರೈವರ್ ಮರಳಿ ಬಂದಿರಬಹುದು, ಹಾಗಾಗಿ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿಯೂ ಪರೀಕ್ಷಿಸಿ. ಅಲ್ಲೂ ನಿಧಾನವಾದರೆ ತೊಂದರೆ ಹಾರ್ಡ್‌ವೇರ್‌ನದೇ. ಸ್ಪೀಡ್ ಮತ್ತು ಡ್ಯೂಪ್ಲೆಕ್ಸ್ (ಎರಡೂ ದಿಕ್ಕಿಗೆ ಒಟ್ಟಿಗೇ ಹೋಗಬೇಕೋ, ಅಂದರೆ ಫುಲ್, ಇಲ್ಲ ಸರದಿಯಲ್ಲೋ, ಅಂದರೆ ಹಾಫ್) ಮಾತ್ರ ಆಟೋದಲ್ಲೇ ಇರಲಿ. ಕೈಯಾರೆ 100 ಫುಲ್ ಅಂತ ಕಟ್ಟಿಹಾಕಿದರೆ ರೂಟರ್ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿದು ಹೊಸ ರೋಗ ಶುರುವಾಗುತ್ತದೆ.

ಬಿಡಿ ಕಾರ್ಡ್ ಆಗಿದ್ದರೆ ಒಮ್ಮೆ ತೆಗೆದು ಬೇರೆ ಸ್ಲಾಟ್‌ಗೆ ಹಾಕಿ ನೋಡಿ. ಮದರ್‌ಬೋರ್ಡ್‌ನಲ್ಲೇ ಇದ್ದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ತೆರೆಯಬಹುದಾದ ಮೂಲ ಸೆಟ್ಟಿಂಗ್) ಅದನ್ನು ಆಫ್ ಮಾಡಿ ಹೊಸ ಕಾರ್ಡ್ ಹಾಕಿಕೊಳ್ಳಿ. ಯುಎಸ್‌ಬಿ ಅಡಾಪ್ಟರ್ ಕೂಡ ಆಗುತ್ತದೆ, ಆದರೆ ಯುಎಸ್‌ಬಿ 3 ಇರಲಿ. ಯುಎಸ್‌ಬಿ 2ರ ಮಿತಿಯೇ 480 ಮೆಗಾಬಿಟ್.

ಬದಲಿಸುವ ತನಕ ಈ ಕಾರ್ಡ್ ಮೂಲಕ ಬ್ಯಾಕಪ್ ಕಳಿಸಿದರೆ ಎರಡೂ ಕಡೆಯ ಫೈಲ್‌ಗಳ ಹ್ಯಾಶ್ (ಫೈಲ್‌ನ ಡೇಟಾದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಹೋಲಿಸಿ ನೋಡಿ. ಸಿಆರ್‌ಸಿ ಲೆಕ್ಕ ಹಾಕುವ ಮೊದಲೇ ಕಾರ್ಡ್ ಒಳಗೆ ಡೇಟಾ ಕೆಟ್ಟರೆ ಆ ತಪ್ಪು ತಾಳೆಯಾಗಿಯೇ ದಾಟಿಬಿಡಬಹುದು.