ಮೋಟರ್‌ಹೋಮ್ ಹಿಂದೆ ಎಳೆಯುವ ಕಾರಿನ ದೀಪಕ್ಕೆ ವೈರಿಂಗ್ ಹೇಗೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ, ಈಚೆಗೆ ಮೋಟರ್‌ಹೋಮ್ (ಒಳಗೇ ವಾಸ ಮಾಡಬಹುದಾದ ಬಸ್ಸಿನಂಥ ಗಾಡಿ) ತೆಗೆದುಕೊಂಡೆವು. ಅದರ ಹಿಂದೆ ಟೋ ಬಾರ್ ಹಾಕಿ, ನಾಲ್ಕೂ ಚಕ್ರ ನೆಲದ ಮೇಲೇ ಇಟ್ಟು ನಮ್ಮ ಸಣ್ಣ ಕಾರನ್ನು ಎಳೆದುಕೊಂಡು ಹೋಗಬೇಕು ಅಂತಿದ್ದೇವೆ. ಕಾರಿನ ಹಿಂದಿನ ದೀಪಗಳು ಮೋಟರ್‌ಹೋಮ್ ಜೊತೆಗೇ ಹೊತ್ತಿಕೊಳ್ಳಬೇಕಲ್ಲ, ಅದಕ್ಕೆ ಒಬ್ಬರು ಡಯೋಡ್ ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಇರುವುದರ ಜೊತೆಗೆ ಬೇರೆ ಬಲ್ಬ್ ಕೂರಿಸಿ ಅನ್ನುತ್ತಾರೆ. ಮ್ಯಾಗ್ನೆಟ್ ದೀಪ ಅಂಟಿಸಿದರೆ ಸಾಕು ಅನ್ನುವವರೂ ಇದ್ದಾರೆ. ನಮ್ಮ ಕಾರಿನ ಹಿಂದಿನ ಇಂಡಿಕೇಟರ್ ಹಳದಿ, ಬ್ರೇಕ್ ದೀಪ ಕೆಂಪು, ಎಲ್ಲವೂ ಸಾಮಾನ್ಯ ಬಲ್ಬ್. ಯಾವುದು ಒಳ್ಳೆಯದು? ನಾನೇ ಮಾಡಿಕೊಳ್ಳಬಹುದಾ?

ಉತ್ತರ: ಧಾರಾಳವಾಗಿ ಮಾಡಿಕೊಳ್ಳಬಹುದು. ಮಲ್ಟಿಮೀಟರ್ ಹಿಡಿಯಲು ಬರಬೇಕು, ಒಂದು ದಿನದ ಪುರುಸೊತ್ತು ಬೇಕು, ಅಷ್ಟೇ. ಯಾವುದು ಒಳ್ಳೆಯದು ಅಂದರೆ, ನನ್ನ ಓಟು ಬೇರೆ ಬಲ್ಬ್‌ಗೆ. ಕಾರಿನ ಸ್ವಂತ ವೈರಿಂಗನ್ನು ಎಷ್ಟು ಕಡಿಮೆ ಮುಟ್ಟುತ್ತೀರೋ ಅಷ್ಟು ನೆಮ್ಮದಿ.

ನಿಮ್ಮ ಹಳದಿ ಇಂಡಿಕೇಟರ್ ವಿಷಯ ಮೊದಲು ನೋಡೋಣ. ಅಮೆರಿಕದ ಮಾಮೂಲಿ ಟ್ರೇಲರ್ ಪ್ಲಗ್‌ನಲ್ಲಿ ಬ್ರೇಕ್ ದೀಪಕ್ಕೆ ಅಂತ ಬೇರೆ ವೈರ್ ಇರುವುದಿಲ್ಲ. ಟೇಲ್ ಲೈಟಿಗೆ ಒಂದು, ಎಡಗಡೆಗೆ ಒಂದು, ಬಲಗಡೆಗೆ ಒಂದು, ಅರ್ಥ್‌ಗೆ ಒಂದು. ಬ್ರೇಕ್ ಒತ್ತಿದರೆ ಎಡ, ಬಲ ಎರಡರಲ್ಲೂ ಕರೆಂಟ್ ಬರುತ್ತದೆ. ಇಂಡಿಕೇಟರ್ ಹಾಕಿದರೆ ಆ ಕಡೆಯ ವೈರಿನಲ್ಲಿ ಮಾತ್ರ ಕರೆಂಟ್ ಬಿಟ್ಟುಬಿಟ್ಟು ಬರುತ್ತದೆ. ಅಂದರೆ ಒಂದೇ ಕೆಂಪು ಬಲ್ಬ್ ಬ್ರೇಕೂ ಹೌದು, ಇಂಡಿಕೇಟರೂ ಹೌದು. ನಿಮ್ಮ ಕಾರಿನಲ್ಲಿ ಇವೆರಡೂ ಬೇರೆ ಬೇರೆ. ಎರಡನ್ನೂ ಬಿಡಿಸಿ ಕೊಡುವ ಕನ್ವರ್ಟರ್ ಡಬ್ಬಿ ಸಿಗುತ್ತದೆ, ಆದರೆ ನಿಮಗೆ ಅದು ಬೇಡ. ಅಮೆರಿಕದಲ್ಲಿ ಹಿಂದಿನ ಇಂಡಿಕೇಟರ್ ಕೆಂಪಾಗಿದ್ದರೂ ನಡೆಯುತ್ತದೆ. ಎಳೆಯುವಾಗ ಹಳದಿಯನ್ನು ಅದರ ಪಾಡಿಗೆ ಬಿಟ್ಟುಬಿಡಿ. ಕೆಂಪು ಗಾಜಿನ ಹಿಂದೆ ಎರಡು ಫಿಲಮೆಂಟ್ ಇರುವ ಇನ್ನೊಂದು ಬಲ್ಬ್ ಕೂರಿಸಿ. 1157 ನಂಬರಿನದು ಎಲ್ಲ ಕಡೆ ಸಿಗುತ್ತದೆ. ಅದರ ಸಣ್ಣ ಫಿಲಮೆಂಟ್ ಸುಮಾರು 8 ವ್ಯಾಟ್, ಟೇಲ್ ಲೈಟಿಗೆ. ದೊಡ್ಡದು ಸುಮಾರು 27 ವ್ಯಾಟ್, ಬ್ರೇಕ್ ಮತ್ತು ಇಂಡಿಕೇಟರಿಗೆ.

ಈಗ ಟೇಲ್ ಲೈಟ್ ಬಿಚ್ಚಿ ಮೇಜಿನ ಮೇಲಿಡಿ. ಹಿಂಬದಿಯಿಂದ ನೋಡಿದರೆ ಒಳಗೆ ಗೂಡುಗಳು ಕಾಣುತ್ತವೆ. ಕೆಂಪು ಗಾಜಿನ ಗೂಡು ಯಾವುದು ಅಂತ ಗುರುತು ಮಾಡಿಕೊಳ್ಳಿ. ಬಿಳಿ ರಿವರ್ಸ್ ಗೂಡಿಗೆ ಬಲ್ಬ್ ಹಾಕಿದರೆ ಪ್ರಯೋಜನವಿಲ್ಲ, ಬೆಳಕು ಬಿಳಿಯಾಗೇ ಬರುತ್ತದೆ. ಆ ಗೂಡಿನಲ್ಲಿ ಮೂಲ ಬಲ್ಬಿಗೂ ಗೋಡೆಗೂ ನಡುವೆ ಜಾಗ ಇರುವ ಕಡೆ ಸ್ಟೆಪ್ ಡ್ರಿಲ್‌ನಿಂದ ನಿಧಾನವಾಗಿ ತೂತು ಕೊರೆಯಿರಿ. ಪ್ಲಾಸ್ಟಿಕ್ ಪುಡಿ ಒಳಗೆ ಬಿದ್ದರೆ ಆಮೇಲೆ ಅದು ಗಾಜಿನ ಹಿಂದೆ ಕುಣಿಯುತ್ತಲೇ ಇರುತ್ತದೆ. ಹಾಗಾಗಿ ತೂತಿನ ಬಾಯಿ ಕೆಳಮುಖವಾಗಿರುವ ಹಾಗೆ ಹಿಡಿದು ಕೊರೆಯುವುದು ವಾಸಿ. ಹೋಲ್ಡರ್ ಒತ್ತಿ ಕೂರಿಸಿ, ಸುತ್ತ ಸಿಲಿಕೋನ್ ಹಚ್ಚಿ. ಇಲ್ಲದಿದ್ದರೆ ಮೊದಲ ಮಳೆಗೇ ಒಳಗೆ ನೀರು. ಬಲ್ಬ್ ಗಾಜಿಗಾಗಲಿ, ಒಳಗಿನ ಹೊಳಪಿನ ಪದರಕ್ಕಾಗಲಿ ತಾಗುವಷ್ಟು ಹತ್ತಿರ ಇರಬಾರದು. 27 ವ್ಯಾಟ್ ಬಲ್ಬ್ ಪ್ಲಾಸ್ಟಿಕ್ ಕರಗಿಸುವಷ್ಟು ಬಿಸಿಯಾಗುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಅದೇ ಹೋಲ್ಡರಿಗೆ ಕೂರುವ ಎಲ್‌ಇಡಿ ಬಲ್ಬ್ ಹಾಕಿ.

ಇನ್ನು ವೈರ್ ಎಳೆಯುವ ಕೆಲಸ. ನಾಲ್ಕು ಎಳೆಯ ವೈರನ್ನು ಕಾರಿನ ಮುಂಭಾಗದ ಸಾಕೆಟ್‌ನಿಂದ ಹಿಂದಿನವರೆಗೆ ಒಯ್ಯಬೇಕು. ಕಾರಿನ ಅಡಿಯಲ್ಲಿ ಹೋಗುವುದಾದರೆ ಸೈಲೆನ್ಸರ್ ಪೈಪ್ ಇರುವ ಕಡೆ ಬೇಡ. ಅಲ್ಲಾಡುವ ಸಸ್ಪೆನ್ಷನ್ ಭಾಗಗಳ ಹತ್ತಿರವೂ ಬೇಡ. ಮೇಲೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ ಹಾಕಿ ಅಲ್ಲಲ್ಲಿ ಟೈ ಬಿಗಿಯಿರಿ. ತಗಡಿನ ತೂತಿನಲ್ಲಿ ವೈರ್ ನುಗ್ಗಿಸುವಾಗ ರಬ್ಬರ್ ಗ್ರಾಮೆಟ್ ಮರೆಯಬೇಡಿ. ತಗಡಿನ ಅಂಚು ಅಲುಗಾಟಕ್ಕೆ ವೈರಿನ ಸಿಪ್ಪೆ ಕೊರೆದು ಶಾರ್ಟ್ ಮಾಡುತ್ತದೆ.

ಬಣ್ಣ ನೋಡಿ ವೈರ್ ಜೋಡಿಸಲು ಮಾತ್ರ ಹೋಗಬೇಡಿ. ಸಣ್ಣ ಟ್ರೇಲರ್‌ಗಳ 4 ಪಿನ್ ಪ್ಲಗ್‌ನಲ್ಲಿ ಬಿಳಿ ಅರ್ಥ್, ಕಂದು ಟೇಲ್ ಲೈಟ್, ಹಳದಿ ಎಡ, ಹಸಿರು ಬಲ. ಮೋಟರ್‌ಹೋಮ್ ತಯಾರಕರು ಬಳಸುವ ಇನ್ನೊಂದು ಪದ್ಧತಿಯಲ್ಲಿ ಹಸಿರು ಟೇಲ್ ಲೈಟ್, ಕೆಂಪು ಎಡ, ಕಂದು ಬಲ! ಹಸಿರಿಗೆ ಹಸಿರು ಅಂತ ಕಣ್ಣುಮುಚ್ಚಿ ಸೇರಿಸಿದರೆ, ರಾತ್ರಿ ಲೈಟ್ ಹಾಕಿದ ತಕ್ಷಣ ಕಾರಿನ ಬಲಗಡೆ ಬ್ರೇಕ್ ದೀಪ ಝಗ್ ಅಂತ ಹೊತ್ತಿ ನಿಲ್ಲುತ್ತದೆ. ಮೋಟರ್‌ಹೋಮ್ ಸಾಕೆಟ್‌ನ ಪ್ರತಿ ಪಿನ್ನಿಗೂ ಟೆಸ್ಟರ್ ಹಿಡಿದು, ಒಳಗೆ ಒಬ್ಬರನ್ನು ಕೂರಿಸಿ ಎಡ, ಬಲ, ಬ್ರೇಕ್, ಲೈಟ್ ಅಂತ ಒಂದೊಂದಾಗಿ ಹಾಕಿಸಿ. ಯಾವುದು ಯಾವುದಕ್ಕೆ ಅಂತ ಚೀಟಿ ಅಂಟಿಸಿಕೊಂಡು ಆಮೇಲೆ ಜೋಡಿಸಿ.

ಡಯೋಡ್ ದಾರಿ ಕೆಟ್ಟದ್ದು ಅಂತಲ್ಲ. ಟೇಲ್ ಲೈಟ್ ಒಳಗೆ ಇನ್ನೊಂದು ಬಲ್ಬಿಗೆ ಜಾಗವೇ ಇಲ್ಲದಿದ್ದರೆ ಅದೇ ಗತಿ. ಕಾರಿನ ದೀಪಕ್ಕೆ ಹೋಗುವ ವೈರನ್ನು ಕತ್ತರಿಸಿ, ನಡುವೆ ಡಯೋಡ್ ಕೂರಿಸಬೇಕು. ಅದಕ್ಕೆ ಒಂದು ಕಡೆಯಿಂದ ಕಾರಿನ ಕರೆಂಟ್, ಇನ್ನೊಂದು ಕಡೆಯಿಂದ ಮೋಟರ್‌ಹೋಮ್ ಕರೆಂಟ್ ಬರುತ್ತದೆ. ಎರಡೂ ದೀಪಕ್ಕೆ ಹೋಗಬಹುದು, ಆದರೆ ಹಿಂದಕ್ಕೆ ಹರಿಯುವಂತಿಲ್ಲ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೀರನ್ನು ವಾಪಸ್ ಬಿಡುವುದಿಲ್ಲವಲ್ಲ, ಹಾಗೇ. ಎಡ, ಬಲ, ಎರಡು ಟೇಲ್ ಲೈಟ್, ಒಟ್ಟು ನಾಲ್ಕು ಬೇಕು. ಸುಮ್ನೆ ವೈರಿಗೆ ವೈರ್ ಸೇರಿಸಿದರೆ ಏನಾಗುತ್ತದೆ ಗೊತ್ತಾ? ನಿಮ್ಮಂಥ ಕಾರಿನಲ್ಲಿ ಎರಡೂ ಬ್ರೇಕ್ ದೀಪಕ್ಕೆ ಒಂದೇ ವೈರ್ ಬಂದು ಹಿಂದೆ ಕವಲಾಗಿರುತ್ತದೆ. ಎಡಗಡೆ ಇಂಡಿಕೇಟರ್ ಹಾಕಿದರೂ ಎಡ, ಬಲ, ಮಧ್ಯದ ದೀಪ ಮೂರೂ ಒಟ್ಟಿಗೆ ಮಿನುಗುತ್ತವೆ. ಟೇಲ್ ಲೈಟಿನ ಕರೆಂಟ್ ಹಿಂದಕ್ಕೆ ಹರಿದು ಡ್ಯಾಶ್‌ಬೋರ್ಡ್ ದೀಪಗಳನ್ನೂ ಹೊತ್ತಿಸುತ್ತದೆ. ಹಾಗಾಗಿ ಡಯೋಡ್ ಹಾಕುವ ಜಾಗ ಕವಲಾದ ಮೇಲೆ, ದೀಪದ ಹತ್ತಿರ. ಸಾಮಾನ್ಯ ಸಿಲಿಕಾನ್ ಡಯೋಡ್ ಸುಮಾರು 0.7 ವೋಲ್ಟ್ ತಿನ್ನುತ್ತದೆ, ದೀಪ ಸ್ವಲ್ಪ ಮಂಕಾಗುತ್ತದೆ. ಅದು ಎಳೆಯದೇ ಇರುವ ದಿನಗಳಲ್ಲೂ ಅಷ್ಟೇ. ಬ್ರೇಕ್ ಬಲ್ಬಿಗೆ ಸುಮಾರು 2 ಆಂಪಿಯರ್ ಹರಿಯುವಾಗ ಡಯೋಡ್ ಬಿಸಿಯೂ ಆಗುತ್ತದೆ. ಅದನ್ನು ಕಾರ್ಪೆಟ್ ಕೆಳಗೆ ತುರುಕದೆ ತಗಡಿಗೆ ತಾಗಿಸಿ ಕೂರಿಸಿ.

ಮ್ಯಾಗ್ನೆಟ್ ದೀಪ ವರ್ಷಕ್ಕೊಂದೆರಡು ಸಲ ಎಳೆಯುವವರಿಗೆ ಪರವಾಗಿಲ್ಲ. ಅದರ ಕೆಳಗೆ ಧೂಳು ಸಿಕ್ಕಿಕೊಂಡರೆ ಬಣ್ಣ ಗೀಚುತ್ತದೆ, ವೈರ್ ಗಾಳಿಗೆ ಬಾಡಿಯ ಮೇಲೆ ಪಟಪಟ ಬಡಿಯುತ್ತದೆ. ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್ ಬಾಡಿಗೆ ಅಂಟುವುದೇ ಇಲ್ಲ.

ಪ್ರಶ್ನೆ: ನಮ್ಮದು ಹೊಸ ಕಾರು. ಹಿಂದಿನ ದೀಪ ಪೂರ್ತಿ ಎಲ್‌ಇಡಿ, ಬಲ್ಬ್ ಬಿಚ್ಚುವ ಹಾಗೇ ಇಲ್ಲ. ಡಯೋಡ್ ಹಾಕಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಕೆಟ್ಟಿದೆ ಅನ್ನುವ ಎಚ್ಚರಿಕೆ ಬರುತ್ತಿದೆ. ಡಯೋಡ್ ಕೆಟ್ಟಿದೆಯಾ?

ಉತ್ತರ: ಡಯೋಡ್ ಚೆನ್ನಾಗಿಯೇ ಇರಬಹುದು. ಈಗಿನ ಕಾರುಗಳಲ್ಲಿ ದೀಪಕ್ಕೆ ಕರೆಂಟ್ ಕೊಡುವುದು ಸ್ವಿಚ್ ಅಲ್ಲ, ಕಂಪ್ಯೂಟರ್. ದೀಪ ಸರಿಯಾಗಿದೆಯಾ ಅಂತ ನೋಡಲು ಅದು ಆಗಾಗ ಚಿಕ್ಕ ಪಲ್ಸ್ ಕಳಿಸಿ ಪರೀಕ್ಷೆ ಮಾಡುತ್ತದೆ. ನಡುವೆ ಡಯೋಡ್ ಬಂದರೆ ಲೆಕ್ಕ ತಪ್ಪುತ್ತದೆ, ಬಲ್ಬ್ ಹೋಗಿದೆ ಅಂದುಕೊಳ್ಳುತ್ತದೆ. ಇನ್ನೂ ಒಂದು ತೊಡಕಿದೆ. ಕೆಲವು ಕಾರುಗಳಲ್ಲಿ ಅದೇ ಎಲ್‌ಇಡಿ, ಅದೇ ವೈರ್, ಟೇಲ್ ಲೈಟೂ ಅದೇ, ಬ್ರೇಕೂ ಅದೇ. ಕರೆಂಟನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಆನ್ ಆಫ್ ಮಾಡಿ ಮಂಕಾಗಿಸುತ್ತಾರೆ, ಪೂರ್ತಿ ಬಿಟ್ಟರೆ ಬ್ರೇಕ್ ದೀಪ. ಅಂಥದ್ದಕ್ಕೆ ಸಾದಾ ಡಯೋಡ್ ಕಿಟ್ ಹೊಂದುವುದೇ ಇಲ್ಲ.

ನಾನಾದರೆ ಡಯೋಡ್ ತೆಗೆದು, ಕತ್ತರಿಸಿದ ವೈರನ್ನು ಬೆಸುಗೆ ಹಾಕಿ ಮೊದಲಿನಂತೆ ಮಾಡುತ್ತೇನೆ. ನಿಮ್ಮ ಕಾರಿನ ಮಾಡೆಲ್‌ಗೇ ಅಂತ ಮಾಡಿದ ರೆಡಿಮೇಡ್ ವೈರಿಂಗ್ ಸಿಕ್ಕರೆ ಕಾಸು ಜಾಸ್ತಿಯಾದರೂ ಅದನ್ನೇ ಕೊಳ್ಳಿ. ಸಿಗದಿದ್ದರೆ ಎಳೆಯುವಾಗ ಮಾತ್ರ ಕಟ್ಟುವ, ಬೇಕಾದಾಗ ಬಿಚ್ಚಿಡುವ ಲೈಟ್ ಬಾರ್ ವಾಸಿ. ನೋಡಲು ಚೆಂದ ಇಲ್ಲ, ನಿಜ. ಆದರೆ ಕಾರಿನ ಕಂಪ್ಯೂಟರಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಪ್ರಶ್ನೆ: ಹಗಲು ಎಲ್ಲ ಸರಿ. ಹೆಡ್‌ಲೈಟ್ ಹಾಕಿ ಎಡಗಡೆ ಇಂಡಿಕೇಟರ್ ಕೊಟ್ಟರೆ ಕಾರಿನ ಎರಡೂ ಕಡೆ ದೀಪ ಮಂಕಾಗಿ ಮಿನುಗುತ್ತದೆ. ವೈರ್ ಎಲ್ಲಾ ಎರಡೆರಡು ಸಲ ನೋಡಿದೆ.

ಉತ್ತರ: ಅರ್ಥ್. ಬೇರೆ ಯಾವುದನ್ನೂ ನೋಡುವ ಮೊದಲು ಬಿಳಿ ವೈರ್ ಹಿಡಿಯಿರಿ. ಕರೆಂಟಿಗೆ ವಾಪಸ್ ಹೋಗಲು ಸರಿಯಾದ ದಾರಿ ಸಿಗದಿದ್ದರೆ ಅದು ಪಕ್ಕದ ದೀಪದ ಫಿಲಮೆಂಟ್ ಮೂಲಕ ನುಸುಳುತ್ತದೆ. ಆಗಲೇ ಈ ವಿಚಿತ್ರ ಆಟಗಳು ಶುರುವಾಗುವುದು. ಟೋ ಬಾರ್ ಕಬ್ಬಿಣದ್ದೇ ಅಲ್ವಾ, ಅರ್ಥ್ ಅದರಲ್ಲೇ ಸಿಗುತ್ತದೆ ಅಂತ ಬಿಳಿ ವೈರ್ ಬಿಟ್ಟುಬಿಡುವವರಿದ್ದಾರೆ. ಟೋ ಬಾರ್‌ನಲ್ಲಿ ಪಿನ್ನು, ಬಣ್ಣ, ಗ್ರೀಸ್, ತುಕ್ಕು ಎಲ್ಲ ಇದೆ. ರಸ್ತೆಯ ಒಂದೊಂದು ಕುಲುಕಿಗೆ ಒಂದೊಂದು ಥರ ತಾಗುತ್ತದೆ.

ಬಿಳಿ ವೈರ್ ಉಳಿದವಕ್ಕಿಂತ ದಪ್ಪ ಇರಲಿ. ಎರಡೂ ಕಡೆಯ ದೀಪದ ಕರೆಂಟ್ ಅದೊಂದರಲ್ಲೇ ವಾಪಸ್ ಹೋಗಬೇಕು. ಕಾರಿನ ಬಾಡಿಗೆ ಬೋಲ್ಟ್ ಹಾಕುವ ಕಡೆ ಬಣ್ಣ ಕೆರೆದು, ತಗಡು ಹೊಳೆಯುವಂತೆ ಮಾಡಿ ಬಿಗಿಯಿರಿ. ಹೊಸ ಬಲ್ಬ್ ಹೋಲ್ಡರಿನ ಅರ್ಥ್ ಕೂಡ ಹಾಗೇ. ಪರೀಕ್ಷೆ ಮಾಡುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಕಾರಿನ ಬಾಡಿಗೆ, ಇನ್ನೊಂದು ಮೋಟರ್‌ಹೋಮ್ ಚಾಸಿಗೆ ಇಟ್ಟು ಎಲ್ಲ ದೀಪ ಹಾಕಿಸಿ. ಅರ್ಥ್ ಚೆನ್ನಾಗಿದ್ದರೆ ವೋಲ್ಟ್ ಸೊನ್ನೆಯ ಹತ್ತಿರವೇ ಇರುತ್ತದೆ. 1 ವೋಲ್ಟ್, 2 ವೋಲ್ಟ್ ಅಂತ ತೋರಿಸಿದರೆ ಕಳ್ಳ ಸಿಕ್ಕಿದ. ಪ್ಲಗ್ಗಿನ ಪಿನ್ ಹಸಿರುಗಟ್ಟಿದ್ದರೂ ಹೀಗೇ ಆಗುತ್ತದೆ, ಅದನ್ನೂ ಉಜ್ಜಿ ನೋಡಿ.

ಪ್ರಶ್ನೆ: ಎಳೆಯುವಾಗ ಕಾರಿನ ಬ್ರೇಕ್ ಪೆಡಲ್ ತಾನೇ ಒತ್ತುವ ಸಾಧನ ಹಾಕಿಸಿದ್ದೇವೆ. ಬ್ರೇಕ್ ಹಿಡಿದುಕೊಂಡು ಇಂಡಿಕೇಟರ್ ಹಾಕಿದರೆ ಮೋಟರ್‌ಹೋಮ್ ದೀಪ ಮಿನುಗುತ್ತದೆ, ಕಾರಿನದ್ದು ಮಿನುಗದೆ ಹೊತ್ತಿಕೊಂಡೇ ಇರುತ್ತದೆ. ಕಾರಿನಲ್ಲಿ ಡಯೋಡ್ ವೈರಿಂಗ್ ಇದೆ.

ಉತ್ತರ: ಡಯೋಡಿನ ತಪ್ಪಲ್ಲ ಇದು. ಸಾಧನ ಪೆಡಲ್ ಒತ್ತಿದಾಗ ಕಾರಿನ ಸ್ವಂತ ಬ್ರೇಕ್ ಸ್ವಿಚ್ ಆನ್ ಆಗಿ, ದೀಪಕ್ಕೆ ಕಾರಿನ ಬ್ಯಾಟರಿಯಿಂದ ಬಿಡದೆ ಕರೆಂಟ್ ಹೋಗುತ್ತಿದೆ. ಮೋಟರ್‌ಹೋಮ್ ಇಂಡಿಕೇಟರ್ ಬಂದು ಹೋಗಿ ಮಾಡಿದರೂ ದೀಪ ಆರುವುದೇ ಇಲ್ಲ. ಬೇರೆ ಬಲ್ಬ್ ಹಾಕಿದವರಿಗೂ ಈ ಕಾಟ ತಪ್ಪಿದ್ದಲ್ಲ. ಮೂಲ ಬ್ರೇಕ್ ಬಲ್ಬಿನ ಬೆಳಕಿನಲ್ಲಿ ಪಕ್ಕದ ಬಲ್ಬ್ ಮಿನುಗುವುದು ಹಿಂದಿನವರಿಗೆ ಕಾಣುವುದಿಲ್ಲ. ತಿರುವಿನ ಮುಂಚೆ ಯಾರಾದರೂ ಬ್ರೇಕ್ ಹಿಡಿದೇ ಇಂಡಿಕೇಟರ್ ಹಾಕುವುದು, ಹಾಗಾಗಿ ಇದನ್ನು ಹಾಗೇ ಬಿಡುವಂತಿಲ್ಲ.

ಇದಕ್ಕೆ ಮದ್ದು ಒಂದು ರಿಲೇ, ಅಂದರೆ ಕರೆಂಟ್ ಕೊಟ್ಟರೆ ತಾನೇ ಕೆಲಸ ಮಾಡುವ ಸ್ವಿಚ್. ಬ್ರೇಕ್ ಸ್ವಿಚ್‌ನಿಂದ ದೀಪಗಳ ಕಡೆಗೆ ಹೊರಡುವ ವೈರನ್ನು ಕತ್ತರಿಸಿ, ಕಾಯಿಲ್‌ಗೆ ಕರೆಂಟ್ ಇಲ್ಲದಾಗ ಮುಚ್ಚಿದ್ದು, ಕರೆಂಟ್ ಬಂದಾಗ ತೆರೆದುಕೊಳ್ಳುವ ರಿಲೇ ಕಾಂಟ್ಯಾಕ್ಟ್ ಮೂಲಕ ಹಾಯಿಸಬೇಕು. ರಿಲೇ ಕಾಯಿಲ್‌ಗೆ ಕರೆಂಟ್ ಮೋಟರ್‌ಹೋಮ್ ಪ್ಲಗ್‌ನ 12 ವೋಲ್ಟ್ ಪಿನ್‌ನಿಂದ (4 ಪಿನ್ ಪ್ಲಗ್‌ನಲ್ಲಿ ಇದು ಇರುವುದಿಲ್ಲ, 7 ಪಿನ್ನಿನದು ಬೇಕು). ಪ್ಲಗ್ ಹಾಕಿದಾಗ ಕಾರಿನ ಬ್ರೇಕ್ ಸ್ವಿಚ್ ದೀಪಗಳಿಂದ ಕಡಿದುಹೋಗಿ, ದೀಪ ಪೂರ್ತಿ ಮೋಟರ್‌ಹೋಮ್ ಹೇಳಿದ ಹಾಗೆ ಕೇಳುತ್ತದೆ. ಪ್ಲಗ್ ಕಿತ್ತ ಕೂಡಲೇ ಕಾರು ಮೊದಲಿನಂತೆ. ಆದರೆ ಬ್ರೇಕ್ ಸ್ವಿಚ್ ನೇರವಾಗಿ ಕಂಪ್ಯೂಟರಿಗೆ ಮಾತ್ರ ಹೋಗುವ ಹೊಸ ಕಾರುಗಳಲ್ಲಿ ಇದನ್ನು ಮಾಡಲು ಹೋಗಬೇಡಿ. ಅಲ್ಲಿ ಆ ವೈರ್ ದೀಪಕ್ಕಷ್ಟೇ ಅಲ್ಲ, ಬೇರೆ ಕೆಲಸಗಳಿಗೂ ಬೇಕಾಗುತ್ತದೆ.

ಪ್ರಶ್ನೆ: ದಿನವಿಡೀ ಎಳೆದ ಮೇಲೆ ಸಂಜೆ ಕಾರು ಸ್ಟಾರ್ಟ್ ಆಗುವುದಿಲ್ಲ. ಹಿಂದಿನ ದೀಪ ಬ್ಯಾಟರಿ ಖಾಲಿ ಮಾಡುತ್ತಿದೆಯಾ?

ಉತ್ತರ: ಇಲ್ಲ. ಆ ದೀಪಗಳ ಕರೆಂಟ್ ಮೋಟರ್‌ಹೋಮ್‌ನಿಂದ ಬರುತ್ತದೆ. ಸ್ಟಿಯರಿಂಗ್ ಲಾಕ್ ಆಗದಿರಲಿ ಅಂತ ಬೀಗದ ಕೈಯನ್ನು ಆಕ್ಸೆಸರಿಯಲ್ಲಿ ಬಿಟ್ಟಿರುತ್ತೀರಲ್ಲ, ಬ್ಯಾಟರಿ ತಿನ್ನುವುದು ಅದು. ಬ್ರೇಕ್ ಸಾಧನ ಇದ್ದರೆ ಅದೂ ತಿನ್ನುತ್ತದೆ. ಮೋಟರ್‌ಹೋಮ್ ಪ್ಲಗ್‌ನ 12 ವೋಲ್ಟ್ ಪಿನ್‌ನಿಂದ ಕಾರಿನ ಬ್ಯಾಟರಿಗೆ ಒಂದು ಚಾರ್ಜಿಂಗ್ ಲೈನ್ ಎಳೆಸಿ. ಈ ವೈರಿನ ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ಫ್ಯೂಸ್ ಕೂಡ ಎರಡೂ ತುದಿಯಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು.